ಕೌಂಟರಿನ ಆಚೆ ಬದಿ

ಕೊಡಗಿನ ಯಾವುದಾದರೂ ಡಿಗ್ರಿ ಕಾಲೇಜಿಗೆ ಹೋಗಿ, ಇಲ್ಲಿ ಓದಿನ ಜೊತೆ ಕೆಲಸ ಮಾಡುವವರು ಯಾರಿದ್ದೀರಿ ಅಂತ ಕೇಳಿ ನೋಡಿ. ಒಂದು ಕೈಯೂ ಮೇಲೇಳುವುದಿಲ್ಲ. ಅದೇ ಕ್ಲಾಸಿನಲ್ಲಿ ಶನಿವಾರ ಮಧ್ಯಾಹ್ನ ಆದ ಕೂಡಲೇ ಹೋಂಸ್ಟೇಗೆ ಹೋಗಿ ಬೆಡ್‌ಶೀಟ್ ಬದಲಾಯಿಸುವವರಿರುತ್ತಾರೆ. ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗ್‌ನವರ ಜೊತೆ ಬಡಿಸೋಕೆ ಹೋಗುವವರು, ಟೂರಿಸ್ಟುಗಳಿಗೆ ಏಲಕ್ಕಿ, ಜೇನುತುಪ್ಪ, ಹೋಂಮೇಡ್ ಚಾಕಲೇಟ್ ಮಾರುವ ಅಂಗಡಿಯಲ್ಲಿ ಸಂಜೆ ನಿಲ್ಲುವವರು, ಭಾನುವಾರ ಟೂರಿಸ್ಟುಗಳನ್ನು ಕೂರಿಸಿಕೊಂಡು ಮಾಂದಲಪಟ್ಟಿ ಗುಡ್ಡಕ್ಕೆ ಜೀಪ್ ಹೊಡೆಯುವವರು, ಎಲ್ಲರೂ ಇರುತ್ತಾರೆ. ಜನವರಿ ಬಂತು, ರೊಬಸ್ಟಾ ಹಣ್ಣಾಯಿತು ಅಂದರೆ ಹಿಂದಿನ ಬೆಂಚುಗಳು ಖಾಲಿ. ಎಲ್ಲರಿಗೂ ಜ್ವರ, ಎಲ್ಲರ ಅಜ್ಜಿಗೂ ಸೀರಿಯಸ್ಸು. ಲೆಕ್ಚರರ್‌ಗಳಿಗೆ ಗೊತ್ತಿರುವುದಿಲ್ಲವಾ? ಗೊತ್ತಿರುತ್ತದೆ. ಅವರಲ್ಲೂ ಎಷ್ಟೋ ಜನ ಹಾಗೇ ಓದಿ ಬಂದವರು. ಆದರೂ ಹಾಜರಿ 75 ಪರ್ಸೆಂಟ್ ಇಲ್ಲ ಅಂತ ಕರೆಸಿ ಕೇಳುವಾಗ ‘ಕಾಫಿ ಕುಯ್ಯೋಕೆ ಹೋಗಿದ್ದೆ ಸಾರ್’ ಅಂತ ಒಬ್ಬರೂ ಹೇಳುವುದಿಲ್ಲ.

ನನಗೆ ಇದರ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಈ ಮುಚ್ಚುಮರೆಯಿಂದ. ಕಾಲೇಜು ಮತ್ತು ಕೆಲಸ ಎರಡೂ ಒಂದೇ ಗೇಟಿನ ಒಳಗೆ ಇದ್ದರೆ, ಮುಚ್ಚಿಡುವಂಥದ್ದು ಏನೂ ಉಳಿಯುವುದಿಲ್ಲ. ನಾನು ಮಡಿಕೇರಿಯಲ್ಲಿ ಬಿಕಾಂ ಓದುವಾಗ ಕಾಲೇಜಿನ ಲೈಬ್ರರಿಯಲ್ಲೇ ಕೆಲಸ ಮಾಡಿದೆ. 2016ರಲ್ಲಿ ಸೇರಿದ್ದು, 2019ರಲ್ಲಿ ಮುಗಿಸಿದ್ದು. ಮೊದಲ ವರ್ಷ ಬಿಟ್ಟು ಉಳಿದ ಎರಡು ವರ್ಷ, ಕ್ಲಾಸ್ ಮುಗಿದ ಮೇಲೆ ಬಸ್ಸು ಬರುವ ತನಕ, ನಾನು ಆ ಕೌಂಟರಿನ ಹಿಂದೆ ಇದ್ದೆ.

ನಮ್ಮದು ಸುಂಟಿಕೊಪ್ಪದ ಆಚೆ ಒಂದು ತೋಟದ ಲೈನ್ ಮನೆ. ಅಪ್ಪ ತೋಟದ ಆಳುಗಳ ಮೇಸ್ತ್ರಿ, ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾಳೆ. ತಾತನ ಕಾಲದಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಬಂದವರು ನಾವು. ಕೊಡಗಿನ ಹೊರಗಿನವರಿಗೆ ಕೊಡಗು ಅಂದರೆ ಮಂಜು, ಕಾಫಿ ಹೂವು, ಪಂದಿ ಕರಿ. ಲೈನ್ ಮನೆ ಅಂದರೆ ಏನು ಅಂತ ಕೇಳುತ್ತಾರೆ. ಒಂದೇ ಉದ್ದದ ಸೂರಿನ ಕೆಳಗೆ ಸಾಲಾಗಿ ಮನೆಗಳು, ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು, ಅಷ್ಟೇ. ಅಲ್ಲಿ ಬೆಳೆದವರಿಗೆ ಕೆಲಸ ಮಾಡುವುದು ಹೊಸದಲ್ಲ. ಹೈಸ್ಕೂಲಿನಲ್ಲೇ ರಜೆ ದಿನ ಅಮ್ಮನ ಪಕ್ಕ ಗಿಡ ಹಿಡಿದು ಕಾಫಿ ಕುಯ್ದಿದ್ದೇನೆ. ಕೆಜಿಗೆ ಇಷ್ಟು ಅಂತ ಲೆಕ್ಕ. ಸಂಜೆ ಚೀಲ ತೂಕಕ್ಕೆ ಇಟ್ಟಾಗ ತೋಟದ ಲೆಕ್ಕ ಬರೆಯುವ ರೈಟರ್ ತಕ್ಕಡಿಯ ಮುಳ್ಳು ನೋಡುತ್ತಿದ್ದರು, ನಾವು ರೈಟರ್ ಮುಖ ನೋಡುತ್ತಿದ್ದೆವು.

ನೋಟಿಸ್ ಬೋರ್ಡಿನಲ್ಲಿ ಆ ಚೀಟಿ ಬಂದಿದ್ದು ಸೆಕೆಂಡ್ ಇಯರ್ ಶುರುವಿನಲ್ಲಿ. ‘ಕಲಿಕೆಯೊಂದಿಗೆ ಗಳಿಕೆ’ ಅಂತ ಮೇಲೆ ಬರೆದಿತ್ತು. ಗ್ರಂಥಾಲಯಕ್ಕೆ ವಿದ್ಯಾರ್ಥಿ ಸಹಾಯಕರು ಬೇಕು, ಆರ್ಥಿಕವಾಗಿ ಹಿಂದುಳಿದವರಿಗೆ ಆದ್ಯತೆ, ಗಂಟೆ ಲೆಕ್ಕದಲ್ಲಿ ಸಂಬಳ. ಪಕ್ಕದಲ್ಲೇ ಹಾಕಿ ಟೀಮಿನ ಸೆಲೆಕ್ಷನ್ ಚೀಟಿ ಇತ್ತು, ಅದರ ಮುಂದೆ ಜಾತ್ರೆ. ಈ ಚೀಟಿಯನ್ನೂ ಎಲ್ಲರೂ ಓದಿದ್ದರು, ಆದರೆ ಹಾಕಿ ಚೀಟಿ ಓದುವ ಹಾಗೆ ನಿಂತುಕೊಂಡು, ಕಣ್ಣು ಮಾತ್ರ ಇತ್ತ ತಿರುಗಿಸಿ ಓದಿದ್ದರು. ‘ಆರ್ಥಿಕವಾಗಿ ಹಿಂದುಳಿದವರು’ ಅಂತ ಇದ್ದ ಮೇಲೆ ಅದರ ಎದುರು ನೇರ ನಿಲ್ಲೋದು ಹೇಗೆ? ಈ ಯೋಜನೆಗಳನ್ನು ಬರೆಯುವವರು ಆ ಒಂದು ಸಾಲನ್ನು ಚೀಟಿಯಲ್ಲಿ ಹಾಕದೆ ಅರ್ಜಿಯ ಒಳಗೆ ಕೇಳಿದ್ದರೆ ಇನ್ನೂ ನಾಲ್ಕು ಜನ ಬರುತ್ತಿದ್ದರು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಅರ್ಜಿ ಕೊಟ್ಟೆ. ಇಂಟರ್‌ವ್ಯೂ ಅಂತ ಏನಿಲ್ಲ. ಲೈಬ್ರರಿ ಮೇಡಂ ನನ್ನನ್ನು ಕೇಳಿದ್ದು ಎರಡೇ. ಒಂದು, ‘ಕೊನೇ ಬಸ್ಸು ಎಷ್ಟೊತ್ತಿಗೆ?’ ಇನ್ನೊಂದು, ‘ಧೂಳು ಅಂದ್ರೆ ಅಲರ್ಜಿ ಇದೆಯಾ?’ ಆಮೇಲೆ ಗೊತ್ತಾಯಿತು, ಆ ಕೆಲಸಕ್ಕೆ ಕೇಳಬೇಕಾದ ಪ್ರಶ್ನೆಗಳೂ ಅವೆರಡೇ.

ಕೆಲಸ ಏನು ಅಂತ ಹೇಳಬೇಕಲ್ವಾ. ವಾಪಸ್ ಬಂದ ಪುಸ್ತಕಗಳನ್ನು ಟ್ರಾಲಿಗೆ ಜೋಡಿಸಿ ಅವುಗಳ ಜಾಗಕ್ಕೆ ಇಡುವುದು. ಪುಸ್ತಕ ಕೊಡುವಾಗ ಹಿಂದಿನ ಡ್ಯೂ ಸ್ಲಿಪ್ಪಿನ ಮೇಲೆ ತಾರೀಕಿನ ಸೀಲು ಒತ್ತುವುದು. ಹೊಸ ಪುಸ್ತಕ ಬಂದರೆ ಬೆನ್ನಿಗೆ ನಂಬರ್ ಚೀಟಿ ಅಂಟಿಸುವುದು, ಅದನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿಗೆ ಮೇಡಂ ಹೇಳಿದ ಹಾಗೆ ಬರೆಯುವುದು. ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು. ಯಾರೋ ಎಸ್‌ಡಿಎ ಪರೀಕ್ಷೆಗೆ ಓದುವವರು ಉದ್ಯೋಗದ ಜಾಹೀರಾತು ಹರಿದುಕೊಂಡು ಹೋಗಿದ್ದಾರಾ ಅಂತ ಸಂಜೆ ನೋಡುವುದು. ಹೋಗಿರುತ್ತಿದ್ದರು.

ಇದರಲ್ಲಿ ನಾನು ಮನಸ್ಸು ಕೊಟ್ಟು ಕಲಿತದ್ದು ನಂಬರುಗಳನ್ನು. ನಮ್ಮ ಲೈಬ್ರರಿಯಲ್ಲಿ ಇದ್ದದ್ದು ಡ್ಯೂಯಿ ಪದ್ಧತಿ. ಮೆಲ್ವಿಲ್ ಡ್ಯೂಯಿ ಅಂತ ಅಮೆರಿಕದವನು 1876ರಲ್ಲಿ ತಂದದ್ದು. ಲೋಕದಲ್ಲಿ ಇರುವ ವಿಷಯವನ್ನೆಲ್ಲಾ ಹತ್ತು ಭಾಗ ಮಾಡಿ, ಹತ್ತನ್ನು ಮತ್ತೆ ಹತ್ತು ಮಾಡಿ, ಪಾಯಿಂಟ್ ಹಾಕಿ ಇನ್ನೂ ಒಡೆಯುತ್ತಾ ಹೋಗುವುದು. 330ರಲ್ಲಿ ಅರ್ಥಶಾಸ್ತ್ರ. 954.87 ಅಂದರೆ ಕರ್ನಾಟಕದ ಇತಿಹಾಸ. ಕನ್ನಡ ಸಾಹಿತ್ಯಕ್ಕೆ 894.814. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಒಂದು ಪೂರ್ತಿ ಮನೆ ಕೊಟ್ಟಿದ್ದಾನೆ ಪುಣ್ಯಾತ್ಮ, ಸಾವಿರ ವರ್ಷ ದಾಟಿದ ನಮ್ಮ ಸಾಹಿತ್ಯಕ್ಕೆ ಮಾತ್ರ ಪಾಯಿಂಟ್ ಆದ ಮೇಲೆ ಮೂರನೇ ಅಂಕಿಯಲ್ಲಿ ಒಂದು ಮೂಲೆ. ನಮ್ಮ ಪಕ್ಕದ ಮನೆಯವರು ತಮಿಳಿಗೆ 894.811, ಮಲಯಾಳಕ್ಕೆ 894.812. ಲೈನ್ ಮನೆಯಲ್ಲೂ ಹೀಗೇ ಸಾಲಾಗಿ ಇದ್ದೆವಲ್ಲಾ ಅಂತ ನಗು ಬರುತ್ತಿತ್ತು.

ಕಾಫಿಯದು ಇನ್ನೊಂದು ಕಥೆ. ಕಾಫಿ ಬೆಳೆಯುವ ಬಗ್ಗೆ ಪುಸ್ತಕ 633.73ರಲ್ಲಿ ಇರಬೇಕು, ಅದು ಕೃಷಿ. ಕಾಫಿ ಹುರಿದು ಪುಡಿ ಮಾಡುವ ಉದ್ಯಮದ ಪುಸ್ತಕ 663.93ಕ್ಕೆ ಹೋಗುತ್ತದೆ, ಅದು ತಯಾರಿಕೆ. 633, 663. ಸಂಜೆ ನಾಲ್ಕೂವರೆಗೆ, ಕರೆಂಟಿಲ್ಲದ ಹೊತ್ತಿನಲ್ಲಿ, ಮಾಸಿದ ಚೀಟಿ ಓದಿ ನೋಡಿ. ಬರುವವರೆಲ್ಲಾ ಒಂದನ್ನು ಇನ್ನೊಂದರ ಜಾಗದಲ್ಲಿ ತುರುಕಿ ಹೋಗುತ್ತಿದ್ದರು. ಲೈಬ್ರರಿಯಲ್ಲಿ ಜಾಗ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕಕ್ಕಿಂತ ಕಷ್ಟ. ಕಳೆದದ್ದಾದರೆ ರಿಜಿಸ್ಟರಿನಲ್ಲಿ ಬರೆದು ದಂಡ ಹಾಕಿ ಮುಗಿಸಬಹುದು. ಇದು ಒಳಗೇ ಇರುತ್ತದೆ, ಆದರೆ ಯಾರ ಕೈಗೂ ಸಿಗುವುದಿಲ್ಲ. ಅದಕ್ಕೇ ಮೇಡಂ ವಾರಕ್ಕೊಂದು ಕಪಾಟು ಅಂತ ನನಗೆ ಹಂಚಿಕೊಟ್ಟಿದ್ದರು. ಆ ಕಪಾಟಿನ ಮುಂದೆ ಸ್ಟೂಲ್ ಹಾಕಿ ಕೂತು, ಎಡದಿಂದ ಬಲಕ್ಕೆ ಬೆನ್ನುಗಳನ್ನು ಓದುತ್ತಾ ಹೋಗುವುದು. ಸುಮ್ನೆ ಹೇಳುತ್ತಿಲ್ಲ, ಒಳಗೆ ಏನಿದೆ ಅಂತ ತೆರೆದು ನೋಡದೆ ಎರಡು ಸಾಲು ಮುಗಿಸಲು ನನಗೆ ಒಂದು ದಿನವೂ ಆಗಲಿಲ್ಲ. ಬಿಕಾಂ ಹುಡುಗಿ ನಾನು. ಜೇಡ, ಅಣೆಕಟ್ಟು, ಟಿಪ್ಪು, ಮುಟ್ಟಿನ ಹೊಟ್ಟೆನೋವು, ಇದರ ಬಗ್ಗೆಯೆಲ್ಲಾ ಓದಿದ್ದು ಆ ಸ್ಟೂಲಿನ ಮೇಲೆ.

ಎಸ್. ಆರ್. ರಂಗನಾಥನ್ ಅವರ ಹೆಸರು ಕೇಳಿದ್ದೂ ಅಲ್ಲೇ. ಅವರು ಮೊದಲು ಲೆಕ್ಕದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದವರು ಅದರಲ್ಲೇ ಮುಳುಗಿದರು. ಗ್ರಂಥಾಲಯಕ್ಕೆ ಐದು ಸೂತ್ರ ಅಂತ 1931ರಲ್ಲಿ ಪುಸ್ತಕ ಬರೆದರು. ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅಂತ. ನಮ್ಮಲ್ಲಿ ಬರುವ ಓದುಗರಿಗೆ ಬೇಕಾದದ್ದು ಹಳೇ ಪ್ರಶ್ನೆಪತ್ರಿಕೆಗಳ ಬಂಡಲು ಮತ್ತು ಕಾಸ್ಟ್ ಅಕೌಂಟಿಂಗ್ ಗೈಡು. ಅವೆರಡನ್ನೂ ಮೇಡಂ ಬಾಗಿಲ ಪಕ್ಕದಲ್ಲೇ ಇಟ್ಟಿದ್ದರು. ರಂಗನಾಥನ್ ಒಪ್ಪುತ್ತಿದ್ದರು ಅಂತ ನನ್ನ ಲೆಕ್ಕ.

ಆದರೆ ಕೊಡಗಿನಲ್ಲಿ ಲೈಬ್ರರಿ ಕೆಲಸ ಅಂದರೆ ಅರ್ಧ ವರ್ಷ ಪುಸ್ತಕ ಕೊಡುವುದು, ಅರ್ಧ ವರ್ಷ ಬೂಷ್ಟು ಒರೆಸುವುದು. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಮಳೆ ನಿಂತ ಹೊತ್ತಿನಲ್ಲೂ ಮಂಜು ಕಿಟಕಿಯೊಳಗೆ ಬಂದು ಕೂರುತ್ತದೆ. ಮನೆಗಳಲ್ಲಿ ಬೀರುವಿನ ಒಳಗೆ ಬಲ್ಬು ಹಚ್ಚಿಡುತ್ತೇವಲ್ಲ, ಬಟ್ಟೆಗೆ ಬೂಷ್ಟು ಹಿಡಿಯಬಾರದು ಅಂತ, ಲೈಬ್ರರಿಯ ಗಾಜಿನ ಕಪಾಟುಗಳಲ್ಲೂ ಅಟೆಂಡರ್ ಅಣ್ಣ ಹಾಗೇ ಮಾಡಿದ್ದರು. ಹಳದಿ ಬಲ್ಬೇ ಆಗಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಕರೆಂಟ್ ಉಳಿಸಿ ಅಂತ ಯಾರೋ ಒಮ್ಮೆ ಎಲ್ಲವನ್ನೂ ಎಲ್‌ಇಡಿ ಮಾಡಲು ಹೊರಟಾಗ ಅಟೆಂಡರ್ ಅಣ್ಣ ಕಪಾಟಿನ ಬೀಗದ ಕೈ ಕಿಸೆಯಲ್ಲಿ ಇಟ್ಟುಕೊಂಡು ಟೀ ಕುಡಿಯಲು ಹೋದವರು ಸಂಜೆ ತನಕ ಬರಲಿಲ್ಲ.

ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಬೂಷ್ಟಿಗೆ ನೀರು ಬೇರೆ ಬೇಕಿಲ್ಲ, ಕಾಗದವೇ ಗಾಳಿಯಿಂದ ನೀರು ಹೀರಿ ಅದಕ್ಕೆ ಕೊಡುತ್ತದೆ. ಬೈಂಡಿಂಗಿನ ಬಟ್ಟೆ, ಅಂಟು, ಗಂಜಿ ಇದೆಲ್ಲಾ ಅದಕ್ಕೆ ಊಟ. ಮೊದಲು ಬರುವುದು ಬೆನ್ನಿಗೆ, ಬೂದಿ ಬಣ್ಣದ ಸಣ್ಣ ಚುಕ್ಕೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಬೇಗ, ಗಾಳಿಯಾಡುವ ನಡುವಿನ ಕಪಾಟಿನಲ್ಲಿ ತಡ.

2018ರ ಆಗಸ್ಟ್ ಕೊಡಗಿನವರು ಯಾರೂ ಮರೆಯುವುದಿಲ್ಲ. ನಾನಾಗ ಫೈನಲ್ ಇಯರ್. ಸ್ವಾತಂತ್ರ್ಯ ದಿನದ ಆಚೀಚೆ ಶುರುವಾದ ಮಳೆಗೆ ಗುಡ್ಡಗಳೇ ಜಾರಿದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಒಂದೊಂದು ಹೆಸರೂ ಟೀವಿಯಲ್ಲಿ ಬಂತು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ಕಡಿದುಹೋಯಿತು. ಊರಿನ ಕಟ್ಟಡಗಳು ನಿರಾಶ್ರಿತರ ಕೇಂದ್ರಗಳಾದವು. ಕಾಲೇಜು ಮುಚ್ಚಿತ್ತು. ನಮ್ಮ ಲೈನಿಗೆ ಏನೂ ಆಗಲಿಲ್ಲ. ನನ್ನ ಕ್ಲಾಸಿನ ಒಬ್ಬಳಿಗೆ ಮನೆ ಇದ್ದ ಜಾಗವೇ ಉಳಿಯಲಿಲ್ಲ. ಅದರ ಮುಂದೆ ಪುಸ್ತಕದ ಮಾತು ಆಡುವುದು ಸರಿಯಾ ಅಂತ ನನಗೂ ಅನ್ನಿಸುತ್ತದೆ, ಆದರೆ ನಾನು ಹೇಳಬಹುದಾದದ್ದು ನನ್ನ ಕೈ ಮುಟ್ಟಿದ್ದನ್ನು ತಾನೇ.

ಕಾಲೇಜು ತೆರೆದ ದಿನ ಲೈಬ್ರರಿ ಬಾಗಿಲು ತೆಗೆದಾಗ ಹೊಡೆದ ವಾಸನೆ, ಹಳೇ ಗೋಣಿಚೀಲದ್ದು. ಅಷ್ಟು ದಿನ ಕರೆಂಟಿಲ್ಲ, ಬಲ್ಬಿಲ್ಲ, ಕಿಟಕಿ ಮುಚ್ಚಿತ್ತು. ಹಿಂದಿನ ಗೋಡೆಯಲ್ಲಿ ನೀರು ಇಳಿದು ಕೆಳಗಿನ ಎರಡು ಸಾಲು ಪೂರ್ತಿ ನೆಂದಿತ್ತು. ಉಳಿದವುಗಳ ಮೇಲೆ ಬಿಳೀ ಹತ್ತಿ ಹರಡಿದ ಹಾಗೆ ಬೂಷ್ಟು. ಮೇಡಂ ಬಾಗಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದು ಹೇಳಿದ್ದು ಒಂದೇ ಮಾತು. ‘ಯಾರೂ ಒಳಗೆ ಒರೆಸಬೇಡಿ, ಮೊದಲು ಹೊರಗೆ ತನ್ನಿ.’

ಅದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಹಸಿ ಬೂಷ್ಟನ್ನು ಒರೆಸಿದರೆ ಅದು ಹೋಗುವುದಿಲ್ಲ, ಕಾಗದದ ಒಳಗೆ ಮೆತ್ತಿಕೊಳ್ಳುತ್ತದೆ. ಒಣಗಿಸಿ ಪುಡಿಯಾದ ಮೇಲೆ, ಬಯಲಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಷ್ಷಿನಲ್ಲಿ ನಮ್ಮಿಂದ ಆಚೆಗೆ ಗುಡಿಸಬೇಕು. ಸುಡುಬಿಸಿಲಿಗೆ ಹಾಕುವ ಹಾಗಿಲ್ಲ, ರಟ್ಟು ಸೊಟ್ಟಗಾಗುತ್ತದೆ. ಬಿಸಿಲು ಎಲ್ಲಿತ್ತು ಅಂತ ಕೇಳಬೇಡಿ. ವರಾಂಡದಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿ, ಪುಸ್ತಕಗಳನ್ನು ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆ ಥರ ಬಿಡಿಸಿ, ಒಂದು ಬದಿ ಖಾಲಿ ಇದ್ದ ಹಳೇ ಸುತ್ತೋಲೆಗಳನ್ನು ಹರಿದು ನಡುನಡುವೆ ಸಿಕ್ಕಿಸಿದೆವು. ಗಂಟೆಗೊಮ್ಮೆ ಆ ಕಾಗದ ತೆಗೆದು ಬೇರೆ ಹಾಕಬೇಕು. ನುಣುಪು ಕಾಗದದ ಬಣ್ಣದ ಪುಸ್ತಕಗಳದ್ದೇ ದೊಡ್ಡ ಗೋಳು. ಆ ಹೊಳಪು ಬರುವುದು ಮೇಲೆ ಬಳಿದ ಜೇಡಿಯಂಥ ಲೇಪದಿಂದ. ನೆಂದರೆ ಅದು ಅಂಟಾಗುತ್ತದೆ. ಹಸಿ ಇರುವಾಗಲೇ ಒಂದೊಂದೇ ಹಾಳೆ ಬಿಡಿಸಿದರೆ ಬದುಕಿತು, ಒಣಗಲು ಬಿಟ್ಟರೆ ಇಟ್ಟಿಗೆ. ಹಕ್ಕಿಗಳ ಒಂದು ದೊಡ್ಡ ಪುಸ್ತಕ ಹಾಗೇ ಇಟ್ಟಿಗೆಯಾಯಿತು. ಮೇಡಂ ಅದನ್ನು ಎಸೆಯಲು ಬಿಡಲಿಲ್ಲ, ಕಪಾಟಿನ ಕಾಲಿಗೆ ಒತ್ತು ಕೊಡಲು ಇಟ್ಟರು.

ಕಣದಲ್ಲಿ ಕಾಫಿ ಒಣಹಾಕಿ ಬೆಳೆದವಳಿಗೆ ಈ ಕೆಲಸ ಕಲಿಸಬೇಕಿರಲಿಲ್ಲ. ತೆಳ್ಳಗೆ ಹರಡು, ಆಗಾಗ ಮಗುಚು, ಮೋಡ ಕಂಡರೆ ರಾಶಿ ಮಾಡಿ ಮುಚ್ಚು, ಅಡಿಯಲ್ಲಿ ಹಸಿ ಉಳಿದರೆ ಮೇಲಿನದೂ ಹಾಳು. ಅಮ್ಮ ನನಗೆ ಹೇಳುತ್ತಿದ್ದದ್ದನ್ನೇ ನಾನು ಫಸ್ಟ್ ಇಯರ್ ಮಕ್ಕಳಿಗೆ ಹೇಳುತ್ತಿದ್ದೆ. ತೋಟದಲ್ಲಿ ಕಲಿತದ್ದನ್ನು ಕಾಲೇಜಿನೊಳಗೆ ಜೋರಾಗಿ ಹೇಳಿದ್ದು ನಾನು ಅದೇ ಮೊದಲು. ‘ಎಲ್ಲಿ ಕಲಿತೆ ಇದನ್ನ?’ ಅಂತ ಕೆಮಿಸ್ಟ್ರಿ ಸಾರ್ ಕೇಳಿದರು. ‘ಕಣದಲ್ಲಿ ಸಾರ್’ ಅಂದೆ. ಅವರು ಹೌದಾ ಅಂತ ತಾವೂ ಒಂದು ಬೆಂಚಿಗೆ ಬಂದು ಕೂತರು.

ಇನ್ನು ಕೌಂಟರಿನ ವಿಷಯ. ಅದು ಮೂರಡಿ ಅಗಲದ ಒಂದು ಮರದ ಹಲಗೆ, ಆದರೆ ಅದರ ಆ ಕಡೆ ಈ ಕಡೆ ಬೇರೆ ಬೇರೆ ಲೋಕ. ಬೆಳಿಗ್ಗೆ ಹತ್ತಕ್ಕೆ ನನ್ನ ಪಕ್ಕ ಕೂತು ನನ್ನ ನೋಟ್ಸ್ ಕಾಪಿ ಮಾಡಿದವಳು ಮಧ್ಯಾಹ್ನ ಮೂರಕ್ಕೆ ಬಂದು, ಡ್ಯೂ ಡೇಟ್ ಮುಗಿದ ಪುಸ್ತಕ ಹಿಡಿದು, ‘ಏ, ಸೀಲ್ ಹಿಂದಿನ ತಾರೀಕಿಗೆ ಹಾಕೇ’ ಅನ್ನುತ್ತಾಳೆ. ದಂಡ ದಿನಕ್ಕೆ ಒಂದು ರೂಪಾಯಿ. ಪ್ರಶ್ನೆ ರೂಪಾಯಿಯದ್ದಲ್ಲ, ನಾನು ಯಾರ ಕಡೆ ಅನ್ನೋದು. ನಾನು ಹಾಕಲಿಲ್ಲ. ಎರಡು ವಾರ ಮಾತು ಬಿಟ್ಟಳು, ಆಮೇಲೆ ಇಂಟರ್ನಲ್ಸ್ ಬಂತು, ನೋಟ್ಸ್ ಬೇಕಾಯಿತು, ಸರಿಹೋಯಿತು. ಲೆಕ್ಚರರ್‌ಗಳಿಗೆ ದಂಡವೇ ಇಲ್ಲ. ನಾಲ್ಕು ವರ್ಷದಿಂದ ಒಬ್ಬರ ಹೆಸರಿನಲ್ಲಿ ಪುಸ್ತಕಗಳು ಹಾಗೇ ಇದ್ದವು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನ್ ಬಂದಾಗ ಅವರು ನನ್ನನ್ನು ನೋಡಿ ತುಂಬಾ ಪ್ರೀತಿಯಿಂದ ನಗುತ್ತಿದ್ದರು.

ಕಾಲೇಜು ಅಂದರೆ ಪಾಠ ಮಾಡುವವರು ಮತ್ತು ಕೇಳುವವರು ಅಂತ ನಾನು ಅಂದುಕೊಂಡಿದ್ದೆ. ಕೌಂಟರಿನ ಹಿಂದೆ ನಿಂತ ಮೇಲೆ ಉಳಿದವರು ಕಾಣಿಸತೊಡಗಿದರು. ಬೆಳಿಗ್ಗೆ ಏಳಕ್ಕೆ ಬಂದು ಟಾಯ್ಲೆಟ್ ತೊಳೆಯುವ ಅಕ್ಕ, ಗಂಟೆ ಹೊಡೆಯುವ ಅಣ್ಣ, ಆಫೀಸಿನಲ್ಲಿ ಸ್ಕಾಲರ್‌ಶಿಪ್ ಅರ್ಜಿಗಳ ಜೊತೆ ಒದ್ದಾಡುವ ಗುಮಾಸ್ತರು. ಗುಮಾಸ್ತರ ಬಗ್ಗೆ ನಮಗೆಲ್ಲಾ ಕೋಪ ಇತ್ತು. ಕಿಟಕಿಯ ಹಿಂದೆ ಅವರು ದಿನಕ್ಕೆ ಎಷ್ಟು ಸಲ ‘ಆಧಾರ್ ಲಿಂಕ್ ಆಗಿಲ್ಲ, ಬ್ಯಾಂಕಿಗೆ ಹೋಗಿ’ ಅನ್ನುತ್ತಾರೆ ಅಂತ ಪಕ್ಕದಲ್ಲಿ ಕೂತು ಕೇಳಿದ ಮೇಲೆ ಆ ಕೋಪ ಪೂರ್ತಿ ಹೋಗಲಿಲ್ಲ, ಸ್ವಲ್ಪ ಇಳಿಯಿತು. ಅಟೆಂಡರ್ ಅಣ್ಣ ನನ್ನನ್ನು ಮೊದಲು ‘ಏನಮ್ಮಾ ಸ್ಟೂಡೆಂಟು’ ಅನ್ನುತ್ತಿದ್ದರು. ಬೂಷ್ಟಿನ ಕೆಲಸ ಆದ ಮೇಲೆ ಟೀ ತರುವಾಗ ನನ್ನ ಲೋಟವನ್ನೂ ಲೆಕ್ಕಕ್ಕೆ ಸೇರಿಸಿದರು.

ದುಡ್ಡಿನ ಮಾತಿಗೆ ಬರೋಣ. ಗಂಟೆಗೆ 25 ರೂಪಾಯಿ. ದಿನಕ್ಕೆ ಎರಡು ಗಂಟೆ ಸಿಕ್ಕಿದರೆ ಹೆಚ್ಚು, ಯಾಕೆಂದರೆ ಐದೂವರೆ ಬಸ್ಸು ತಪ್ಪಿದರೆ ಸುಂಟಿಕೊಪ್ಪದಿಂದ ಒಳಗೆ ಕತ್ತಲಲ್ಲಿ ನಡೆಯಬೇಕು, ಆನೆ ಓಡಾಡುವ ದಾರಿ ಅದು. ಮೊದಲ ದಿನ ಮನೆಗೆ ಹೋಗಿ ಹೇಳಿದಾಗ ಅಮ್ಮ ನಂಬಲಿಲ್ಲ. ‘ನೆರಳಲ್ಲಿ ನಿಂತು ಮಾಡೋ ಕೆಲಸಕ್ಕೂ ದುಡ್ಡು ಕೊಡ್ತಾರಾ?’ ಅಂದಳು. ಅಪ್ಪ ಮೇಸ್ತ್ರಿ ಲೆಕ್ಕ ಹಾಕಿ, ಭಾನುವಾರ ಒಂದು ದಿನ ಕಾಫಿ ಕುಯ್ದರೆ ನಿನ್ನ ಒಂದು ವಾರದ್ದು ಬಂದುಬಿಡುತ್ತದಲ್ಲಾ ಅಂದ. ಲೆಕ್ಕ ಸರಿಯಾಗೇ ಇತ್ತು. ನಾನು ಭಾನುವಾರ ಕಾಫಿಯನ್ನೂ ಬಿಡಲಿಲ್ಲ.

ಆ ದುಡ್ಡು ತಿಂಗಳಿಗೆ ಸರಿಯಾಗಿ ಬಂದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗಂಟೆ ಬರೆದ ಹಾಳೆಗೆ ಮೇಡಂ ಸಹಿ, ಆಮೇಲೆ ಯೋಜನೆಯ ಕೋಆರ್ಡಿನೇಟರ್ ಸಹಿ, ಆಮೇಲೆ ಪ್ರಿನ್ಸಿಪಾಲರ ಸಹಿ, ಆಮೇಲೆ ವೋಚರ್, ಆಮೇಲೆ ಗ್ರಾಂಟ್ ಬಂದಿಲ್ಲ. ಮೂರು ತಿಂಗಳಿಗೊಮ್ಮೆ, ಒಂದೊಂದು ಸಲ ಸೆಮಿಸ್ಟರ್ ಮುಗಿದ ಮೇಲೆ. ತೋಟದಲ್ಲಿ ಶನಿವಾರ ಸಂಜೆ ಬಟವಾಡೆ ತಪ್ಪಿದರೆ ಸೋಮವಾರ ಒಬ್ಬರೂ ಗಿಡ ಮುಟ್ಟುವುದಿಲ್ಲ. ಓದಿದವರ ಜಾಗದಲ್ಲಿ ಮಾತ್ರ ಕೂಲಿ ಕೇಳುವುದು ಅವಮಾನ. ಕೇಳಿದರೆ ‘ಇದು ಅನುಭವ ಅಂತ ತಗೋಬೇಕಮ್ಮ’ ಅಂತ ಒಬ್ಬರು ಹೇಳಿದರು. ಅನುಭವಕ್ಕೆ ಬಸ್ಸಿನವರು ಟಿಕೆಟ್ ಕೊಡುವುದಿಲ್ಲ.

ಇದನ್ನೆಲ್ಲಾ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಕ್ಲಾಸಿನವರೇ ಕೆಲವರು ಆಮೇಲೆ ಹೊರದೇಶಕ್ಕೆ ಓದಲು ಹೋದರು. ಅವರಲ್ಲೊಬ್ಬನ ಸ್ಟೇಟಸ್ ನೋಡಬೇಕು. ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ತಟ್ಟೆ ಎತ್ತುವ ಫೋಟೋ, ಏಪ್ರನ್ ಹಾಕಿಕೊಂಡು, ಕೆಳಗೆ ನೂರು ಲೈಕು. ಇಲ್ಲಿ ಮದುವೆ ಮನೆಯಲ್ಲಿ ಬಡಿಸುವಾಗ ಕ್ಲಾಸ್‌ಮೇಟ್ ಕಂಡರೆ ಕಂಬದ ಹಿಂದೆ ಹೋಗುತ್ತಿದ್ದವನು ಅವನು! ಬೈಯುತ್ತಿಲ್ಲ, ಅವನಿಗೆ ಅಲ್ಲಿ ಅದು ಸಹಜ ಆಗಿದ್ದು ನೋಡಿ ನನಗೆ ಖುಷಿ. ಅಲ್ಲಿ ಅದಕ್ಕೊಂದು ಕಟ್ಟಳೆ ಇದೆ. ಅಮೆರಿಕದಲ್ಲಿ ಸ್ಟೂಡೆಂಟ್ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ತನಕ ಕೆಲಸ ಮಾಡಬಹುದು. ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಅಮೆರಿಕ ತನ್ನ ಬಡ ಮಕ್ಕಳಿಗೆ ಕಾಲೇಜಿನಲ್ಲೇ ಕೆಲಸ ಕೊಟ್ಟು, ಸಂಬಳದ ಒಂದು ಪಾಲನ್ನು ಸರ್ಕಾರವೇ ಕೊಡುವ ಯೋಜನೆ ತಂದದ್ದು 1964ರಲ್ಲಿ.

ಹಾಗಂತ ಇದು ಅಮೆರಿಕದ ಬುದ್ಧಿ ಅಂತ ತಿಳಿಯಬೇಡಿ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲೇ ರಯತ್ ಶಿಕ್ಷಣ ಸಂಸ್ಥೆ ಶುರು ಮಾಡಿದರು. ಗಳಿಸಿ ಕಲಿಯಿರಿ ಅನ್ನುವುದೇ ಅವರ ದಾರಿ. ರೈತರ ಮಕ್ಕಳು, ಎಲ್ಲಾ ಜಾತಿಯವರು, ಒಂದೇ ಹಾಸ್ಟೆಲಿನಲ್ಲಿ ಇದ್ದು ದುಡಿದು ಓದಿದರು. ಅವರ ಸಂಸ್ಥೆ ಇರುವ ಸಾತಾರಾದಿಂದ ನಮಗೆ ಬಂದು ಮುಟ್ಟುವಷ್ಟರಲ್ಲಿ ಆ ವಿಚಾರ ನೋಟಿಸ್ ಬೋರ್ಡಿನ ಮೂಲೆಯ ಒಂದು ಚೀಟಿ ಆಗಿಬಿಟ್ಟಿತ್ತು.

ನನ್ನ ಅಭಿಪ್ರಾಯ ಇಷ್ಟು. ಕಾಲೇಜುಗಳು ಈ ಕೆಲಸಗಳನ್ನು ಜಾಸ್ತಿ ಮಾಡಬೇಕು, ಮಾಡಿ ಸರಿಯಾಗಿ ದುಡ್ಡು ಕೊಡಬೇಕು. ಲೈಬ್ರರಿ, ಲ್ಯಾಬು, ಕಂಪ್ಯೂಟರ್ ರೂಮು, ತೋಟ, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡುವ ಕೌಂಟರು, ಎಲ್ಲಾ ಕಡೆ ಕೈ ಬೇಕು. ಹೋಂಸ್ಟೇ ಮಾಲೀಕರು ಶನಿವಾರ ರಾತ್ರಿ ಹನ್ನೊಂದಕ್ಕೆ ಕ್ಯಾಂಪ್‌ಫೈರ್ ಬೂದಿ ಗುಡಿಸಲು ಹೇಳಿದರೆ ಹುಡುಗಿ ಇಲ್ಲ ಅನ್ನಲಾರಳು. ಲೈಬ್ರರಿ ಮೇಡಂ ಮಾತ್ರ ಪರೀಕ್ಷೆ ಹದಿನೈದು ದಿನ ಇರುವಾಗ ‘ನೀನು ಈ ಕಡೆ ಬರಬೇಡ, ಹೋಗಿ ಓದು’ ಅನ್ನುತ್ತಾರೆ. ಕೆಲಸ ಕೊಟ್ಟವರಿಗೆ ನಿಮ್ಮ ಟೈಮ್‌ಟೇಬಲ್ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ. ಅದು ಸಣ್ಣದಲ್ಲ.

ಒಂದು ಭಯವೂ ಇದೆ. ಅಟೆಂಡರ್ ರಿಟೈರ್ ಆದರೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ, ಗಂಟೆಗೆ 25 ರೂಪಾಯಿಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿ ನಡೆಸುವ ಬುದ್ಧಿ ಯಾವ ಆಡಳಿತಕ್ಕಾದರೂ ಬರಬಹುದು. ಸ್ಕಾಲರ್‌ಶಿಪ್ ತಡ ಆದರೆ ಏನಂತೆ, ಕೆಲಸ ಇದೆಯಲ್ಲ ಅಂತಲೂ ಅನ್ನಬಹುದು. ಹಾಗಾದರೆ ಇದು ಯೋಜನೆಯಲ್ಲ, ಅಗ್ಗದ ಆಳು. ನನ್ನ ಜೊತೆ ಟೀ ಕುಡಿದ ಅಣ್ಣನ ಕೆಲಸ ತಿಂದು ನನಗೆ ಸಂಬಳ ಬೇಡ.

ಈಗ ನಾನು ಕುಶಾಲನಗರದಲ್ಲಿ ಒಂದು ಆಡಿಟರ್ ಆಫೀಸಿನಲ್ಲಿದ್ದೇನೆ. ನಮ್ಮ ಲೈನಿನ ಪಕ್ಕದ ಮನೆ ಹುಡುಗಿ ಈ ವರ್ಷ ಡಿಗ್ರಿ ಸೇರಿದ್ದಾಳೆ. ಅವಳ ಕಾಲೇಜಿನಲ್ಲೂ ಇಂಥದೇ ಚೀಟಿ ಹಾಕಿದ್ದಾರಂತೆ. ‘ಅಕ್ಕ, ಸೇರ್ಲಾ?’ ಅಂತ ಕೇಳಿಕೊಂಡು ಬಂದಳು. ಸೇರು ಅಂದೆ. ಸೇರುವ ಮೊದಲು ದುಡ್ಡು ಯಾವ ತಿಂಗಳು ಯಾರ ಸಹಿಯಿಂದ ಬರುತ್ತದೆ ಅಂತ ಆಫೀಸಿನಲ್ಲಿ ಕೇಳು, ನಾಚಿಕೊಳ್ಳಬೇಡ. ಬ್ಯಾಂಕ್ ಖಾತೆ ನಿನ್ನ ಹೆಸರಲ್ಲೇ ಇರಲಿ, ಅಪ್ಪನದ್ದು ಕೊಡಬೇಡ. ಪರೀಕ್ಷೆ ಹೊತ್ತಿಗೆ ರಜೆ ಉಂಟಾ ಅಂತ ಮೊದಲೇ ಮಾತಾಡಿಕೋ.

‘ಗಂಟೆ ಲೆಕ್ಕ ಅವರೇ ಬರ್ಕೊಳ್ತಾರಲ್ವಾ ಅಕ್ಕ?’

‘ಅವರೂ ಬರ್ಕೊಳ್ಳಲಿ. ನೀನೂ ಒಂದು ನೋಟ್‌ಬುಕ್ ಇಟ್ಕೊ. ಬಂದಿದ್ದು ಎಷ್ಟೊತ್ತಿಗೆ, ಹೋಗಿದ್ದು ಎಷ್ಟೊತ್ತಿಗೆ ಅಂತ ಬರೆದು ಅವತ್ತೇ ಮೇಡಂ ಹತ್ರ ಸಹಿ ಹಾಕಿಸ್ಕೊ. ತಿಂಗಳ ಕೊನೇಲಿ ಒಟ್ಟಿಗೆ ಹಾಕಿಸೋಕೆ ಹೋದ್ರೆ ಅವರಿಗೂ ನೆನಪಿರಲ್ಲ.’

ಸರಿ ಅಂದಳು. ಆಮೇಲೆ ಬಸ್ ಟೈಮಿನ ಬಗ್ಗೆ ಕೇಳಿದಳು.